ಚಿಕ್ಕತಾಯಮ್ಮನ ಕಾಲುಮಣೆ

ಗುರುಗಳಾದವರಿಗೆ ಸಿಟ್ಟು ಬರುವುದಿಲ್ಲ ಎಂದು ನಂಬಿಕೊಂಡವರು ಕಾಳಾಚಾರರ ಬಳಿ ಒಂದು ದಿನ ಇದ್ದು ನೋಡಬೇಕಿತ್ತು. ಅವರಿಗೆ ಬರುತ್ತಿತ್ತು. ಬೆಳಿಗ್ಗೆ ಉಮಾಪತಿ ಕಣ್ಣಿಗೆ ಬಿದ್ದ ಕೂಡಲೇ ಬರುತ್ತಿತ್ತು.

ಹೊಳೆಯ ದಂಡೆಯಲ್ಲಿ, ಹೊಂಗೆ ಮರಗಳ ಕೆಳಗೆ, ಅವರ ಮರಗೆಲಸದ ಜಾಗ. ಜನ ಅದನ್ನು ಆಶ್ರಮ ಎನ್ನುತ್ತಿದ್ದರು. ಆಚಾರರು ಕೊಟ್ಟಿಗೆ ಎನ್ನುತ್ತಿದ್ದರು. ಕೆಲವು ಶಿಷ್ಯರು ಅಲ್ಲೇ ಉಂಡು, ಅಲ್ಲೇ ಮಲಗಿ, ಮಣೆ, ಮಂಚ, ತೊಟ್ಟಿಲುಗಳನ್ನು ಕೈಯಲ್ಲೇ ಮಾಡುವುದನ್ನು ಕಲಿಯುತ್ತಿದ್ದರು.

ಉಮಾಪತಿ ಮೈಸೂರಿನ ಒಂದು ದೊಡ್ಡ ಅಂಗಡಿಯಲ್ಲಿ ಸೋಫಾ ಮಾರುತ್ತಿದ್ದವನು. ಎರಡು ದೀಪಾವಳಿ ಕಾಣದ ಸೋಫಾಗಳನ್ನು ನಗುನಗುತ್ತಾ ಮಾರಿ ಮಾರಿ ಬೇಸತ್ತು, ಇನ್ನಾದರೂ ಹಳ್ಳಿಯಲ್ಲಿ ನೆಟ್ಟಗೆ ಬದುಕಬೇಕೆಂದು ಬಂದು ಆಚಾರರ ಕಾಲಿಗೆ ಬಿದ್ದಿದ್ದ.

ಬಂದ ದಿನವೇ ತನ್ನ ಕೈಚಳಕ ತೋರಿಸಲು ಒಂದು ಬೆಂಚು ಮಾಡಿದ. ಮಧ್ಯಾಹ್ನದೊಳಗೆ ಮುಗಿಸಿದ. ಅದರ ಮೇಲೆ ತಾನೇ ಕೂತ. ಬೆಂಚಿನ ಕಾಲುಗಳು ನಾಲ್ಕು ದಿಕ್ಕಿಗೆ ಹೋದವು.

"ಅವಸರ ಮಾಡ್ಬೇಡ," ಎಂದರು ಆಚಾರರು.

ಆ ಮಾತನ್ನು ಯಾಕಾದರೂ ಆಡಿದೆನೋ ಎಂದು ಅವರು ಆಮೇಲೆ ಎಷ್ಟು ಸಲ ಹಣೆ ಚಚ್ಚಿಕೊಂಡರೋ ಲೆಕ್ಕವಿಲ್ಲ.

ಯಾಕೆಂದರೆ ಉಮಾಪತಿ ಅದನ್ನು ಮಂತ್ರ ಎಂದುಕೊಂಡ. ಅಂದೇ ಸಂಜೆ ಕೈಗಡಿಯಾರ ಬಿಚ್ಚಿ ಹೊಳೆಗೆ ಹಾಕಿದ. ಸೈಕಲ್ಲು ಮುಟ್ಟುವುದಿಲ್ಲ ಎಂದ. ಬೆಳಿಗ್ಗೆ ಎದ್ದು ಹಲಗೆಯೊಂದರ ಮೇಲೆ ಅಂಗೈ ಇಟ್ಟುಕೊಂಡು, ಕಣ್ಣು ಮುಚ್ಚಿ, ಬಿಸಿಲೇರುವವರೆಗೆ ಕೂರತೊಡಗಿದ.

"ಏನೋ ಮಾಡ್ತಾ ಇದೀಯ?"

"ಮರದ ಮಾತು ಕೇಳ್ತಾ ಇದೀನಿ, ಗುರುಗಳೇ."

"ಏನಂತದೆ?"

"ಇನ್ನೂ ಏನೂ ಅಂದಿಲ್ಲ."

"ಅನ್ನಲ್ಲ. ಅದು ಹಲಗೆ. ಎದ್ದು ಗರಗಸ ತಗೋ."

ಉಮಾಪತಿ ಎದ್ದು ಕೈಮುಗಿದ. ಅವನ ಮುಖದಲ್ಲಿ ಒಂದು ಬೆಳಕು ಬಂತು. ಆ ಬೆಳಕು ಕಂಡರೆ ಆಚಾರರಿಗೆ ಮೈ ಉರಿಯುತ್ತಿತ್ತು. ತಾವು ಆಡಿದ ನೇರ ಮಾತು ಇವನ ಕಿವಿಯೊಳಗೆ ಹೊಕ್ಕು ಒಗಟಾಗಿ ಬದಲಾಗಿದೆ ಎಂಬುದಕ್ಕೆ ಅದೇ ಗುರುತು.

ಸ್ವಲ್ಪ ಹೊತ್ತಿಗೆ ಅವನು ಗರಗಸವನ್ನು ತೊಡೆಯ ಮೇಲೆ ಇಟ್ಟುಕೊಂಡು ಹೊಂಗೆ ಮರದ ಕೆಳಗೆ ಕೂತಿದ್ದ.

"ಈಗೇನೋ?"

"ಗರಗಸ ತಗೋ ಅಂದಿರಿ. ಕೊಯ್ಯಿ ಅನ್ನಲಿಲ್ಲ. ಅದರ ಬಗ್ಗೆ ಯೋಚಿಸ್ತಾ ಇದೀನಿ."

ಆಚಾರರು ಹೊಳೆಗೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡು ಬಂದರು.

ಹಾಗೆಂದು ಅವನು ಮೈಗಳ್ಳನಲ್ಲ. ಅದೇ ತೊಂದರೆ. ಮೈಗಳ್ಳನಾಗಿದ್ದರೆ ಓಡಿಸಬಹುದಿತ್ತು. ಉಳಿ ಹಿಡಿದರೆ ಅವನ ಕೈ ಒಳ್ಳೆಯ ಕೈ, ಮನಸ್ಸೂ ಒಳ್ಳೆಯದು. ಆದರೆ ನಿಧಾನವನ್ನೇ ದೇವರು ಮಾಡಿ ಕೂರಿಸಿ ಅದಕ್ಕೆ ಪೂಜೆ ಮಾಡುತ್ತಿದ್ದ. ನೋಡಲು ಬಂದ ಊರಿನವರಿಗೂ ಪೇಟೆಯವರಿಗೂ ಸೋಫಾ ಮಾರಿದ ಅದೇ ನಾಲಿಗೆಯಲ್ಲಿ ನಿಧಾನವನ್ನು ಮಾರುತ್ತಿದ್ದ.

"ನಾವಿಲ್ಲಿ ಅವಸರ ಮಾಡೋದಿಲ್ಲ. ಒಂದು ಮಣೆಗೆ ಒಂದು ಋತು ಕೊಡ್ತೇವೆ."

ಬಂದವರು ತಲೆದೂಗುತ್ತಿದ್ದರು. ಒಳಗೆ ಕೂತು ಇದನ್ನು ಕೇಳುತ್ತಿದ್ದ ಆಚಾರರ ಹಲ್ಲು ಕಟಕಟ ಎನ್ನುತ್ತಿತ್ತು.

ಅಡುಗೆಮನೆಯನ್ನೂ ಅವನು ಬಿಡಲಿಲ್ಲ.

ಕೊಟ್ಟಿಗೆಯ ಅಡುಗೆ ಚಿಕ್ಕತಾಯಮ್ಮನದು. ಗಂಡ ಸತ್ತ ವರ್ಷ ಹೊಳೆ ದಾಟಿ ಬಂದು ಒಲೆ ಹಚ್ಚಿದವಳು, ಇಂದಿನವರೆಗೂ ಆರಲು ಬಿಟ್ಟಿರಲಿಲ್ಲ. ಆಚಾರರ ಮಾತು ಕೊಟ್ಟಿಗೆಯಲ್ಲಿ ನಡೆಯುತ್ತಿತ್ತು. ಅಡುಗೆಮನೆಯ ಹೊಸಿಲಿನಿಂದಾಚೆ ಅವಳದೇ ನಡೆಯುತ್ತಿತ್ತು.

ಒಂದು ದಿನ ಉಮಾಪತಿ ಅವಳ ಮಿಕ್ಸಿಯನ್ನು ನೋಡಿ ನೊಂದುಕೊಂಡ.

"ಅವ್ವಾ, ಹಳ್ಳಿ ಬದುಕಿಗೆ ಈ ಸದ್ದು ಸರಿಯಾ? ಒರಳುಕಲ್ಲಲ್ಲಿ ಅರೆದ ಚಟ್ನಿಯ ರುಚಿನೇ ಬೇರೆ."

"ಹೌದು ಮಗ, ಬೇರೆ," ಎಂದಳು ಚಿಕ್ಕತಾಯಮ್ಮ. "ಕಲ್ಲು ಅಲ್ಲೇ ಅದೆ ನೋಡು. ನೀನೇ ಅರೆ."

ಅವನು ಅರೆದ. ಒಂದೊಂದೇ ಕಾಯಿಚೂರನ್ನು ಗೌರವದಿಂದ ಅರೆದ. ಅಂದು ಎಲ್ಲರೂ ಉಂಡಾಗ ಹಸುಗಳು ಮೇದು ಮನೆಗೆ ಬಂದಿದ್ದವು.

"ರುಚಿ ಹೇಗಿದೆ, ಗುರುಗಳೇ?"

"ಹಸಿದವನ್ನ ರುಚಿ ಕೇಳ್ಬೇಡ," ಎಂದರು ಆಚಾರರು.

ಉಮಾಪತಿಯ ಮುಖದಲ್ಲಿ ಬೆಳಕು ಬಂತು. ಆಚಾರರು ತಟ್ಟೆ ಎತ್ತಿಕೊಂಡು ಬೇರೆ ಕಡೆ ಹೋಗಿ ಕೂತರು.

ಆ ಚಳಿಗಾಲದಲ್ಲಿ ಚಿಕ್ಕತಾಯಮ್ಮನ ಮಂಡಿ ಕೈಕೊಟ್ಟಿತು.

ನಡೆಯುತ್ತಿದ್ದಳು, ನಿಲ್ಲುತ್ತಿದ್ದಳು. ನೆಲಕ್ಕೆ ಕೂತರೆ ಏಳಲಾಗುತ್ತಿರಲಿಲ್ಲ. ಒಲೆಯನ್ನೇನೋ ಆಚಾರರು ಕಟ್ಟೆ ಕಟ್ಟಿಸಿ ಎತ್ತರಿಸಿಕೊಟ್ಟಿದ್ದರು. ಆದರೆ ಮುದ್ದೆಗೆ ರಾಗಿ ಹಿಟ್ಟು ತೊಳಸುವುದು ಕಟ್ಟೆಯ ಮೇಲೆ ಆಗುವ ಕೆಲಸವಲ್ಲ. ಕುದಿಯುವ ಪಾತ್ರೆಯನ್ನು ನೆಲಕ್ಕಿಳಿಸಿ, ಕವೆಗೋಲಿನಿಂದ ಅದನ್ನು ಒತ್ತಿ ಹಿಡಿದು, ಮೇಲಿನಿಂದ ಬಲ ಬಿಟ್ಟು ಕೋಲು ತಿರುಗಿಸಬೇಕು. ಅದಕ್ಕೆ ಕೂರಲೇಬೇಕು.

ಅವಳು ಕೂರುತ್ತಿದ್ದುದು ನೆಲಕ್ಕಂಟಿದ ಹಳೆಯ ಮಣೆಯ ಮೇಲೆ. ಅವಳು ಬಂದ ಹೊಸದರಲ್ಲಿ ಆಚಾರರು ಮಾಡಿಕೊಟ್ಟದ್ದು. ಕೂತು ಕೂತು ಅದರ ನಡು ಅವಳ ಮೈಗೆ ತಕ್ಕಂತೆ ಸವೆದಿತ್ತು. ಈಗ ಅದರಿಂದ ಏಳಬೇಕಾದರೆ ಶಿಷ್ಯರಿಬ್ಬರು ಹೋಗಿ ತೋಳು ಹಿಡಿಯಬೇಕಿತ್ತು. ಹಾಗೆ ಹಿಡಿಸಿಕೊಳ್ಳುವಾಗ ಅವಳು ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ಒಂದು ಬೆಳಿಗ್ಗೆ ಅವಳು ಆಚಾರರ ಮುಂದೆ ಬಂದು ನಿಂತಳು.

"ಶಿವರಾತ್ರಿ ಕಳೀಲಿ ಆಚಾರ್ರೇ. ತಂಗಿ ಮಗ ಬಂದು ಕರ್ಕೊಂಡೋಯ್ತಾನೆ."

"ಯಾಕವ್ವ?"

"ಹಿಟ್ಟು ತೊಳಸಕ್ಕಾಗ್ದಿದ್ದೋಳು ಒಲೆ ಮುಂದೆ ಯಾಕಿರ್ಬೇಕು?"

"ಅಲ್ಲಿ ಹೋಗಿ ಏನು ಮಾಡ್ತೀಯ?"

"ಅಲ್ಲಿ ಏನ್ ಮಾಡೋದು? ಸೊಸೇರು ಅವ್ರೆ. ಮೂಲೇಲಿ ಕುಂತು ಟಿವಿ ನೋಡೋದು."

ಅವಳ ದನಿ ಗಟ್ಟಿಯಾಗಿಯೇ ಇತ್ತು. ಸೆರಗಿನ ತುದಿಯನ್ನು ಮಾತ್ರ ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು. ಅವಳಿಗೆ ಹೋಗಲು ಇಷ್ಟವಿಲ್ಲ ಎಂಬುದು ಕುರುಡನಿಗೂ ಕಾಣುತ್ತಿತ್ತು.

ಶಿಷ್ಯನೊಬ್ಬ ಸಂತೆಗೆ ಓಡಿ ಒಂದು ಪ್ಲಾಸ್ಟಿಕ್ ಸ್ಟೂಲು ತಂದ. ಅದು ಎತ್ತರ ಹೆಚ್ಚು. ಕಾಲು ಕೊಯ್ದು ಗಿಡ್ಡ ಮಾಡಿದ. ಆಗ ಅದು ಜಾರತೊಡಗಿತು. ಬಿಸಿ ಪಾತ್ರೆ ತಗುಲಿ ಒಂದು ಕಾಲು ಸೊಟ್ಟಗಾಯಿತು.

"ಅದು ಯಾರಿಗೋಸ್ಕರಾನೂ ಮಾಡಿದ್ದಲ್ಲ," ಎಂದರು ಆಚಾರರು. "ಅದಕ್ಕೇ ಯಾರಿಗೂ ಆಗಲ್ಲ. ಇವಳಿಗೆ ಒಂದು ಕಾಲುಮಣೆ ಮಾಡ್ಬೇಕು. ಸಣ್ಣ ಕಾಲಿಂದು, ಗಟ್ಟಿಯಾದ್ದು."

"ನಾನು ಮಾಡಿಕೊಡ್ತೀನಿ, ಗುರುಗಳೇ!" ಎಂದ ಉಮಾಪತಿ.

ಬೇಡ ಎನ್ನಲು ಆಚಾರರು ಬಾಯಿ ತೆರೆದರು.

"ಮಾಡ್ಲಿ ಬುಡಿ," ಎಂದಳು ಚಿಕ್ಕತಾಯಮ್ಮ. "ಆಸೆಪಟ್ಟು ಕೇಳ್ತಾವ್ನೆ."

ಅವಳಿಗೆ ಅವನೆಂದರೆ ಅಕ್ಕರೆ. ಯಾಕೆಂದು ಯಾರಿಗೂ ಗೊತ್ತಿಲ್ಲ.

ಆಚಾರರು ಒಂದೇ ಮಾತು ಹೇಳಿದರು. ಒಗಟಾಗಲು ಎಲ್ಲೂ ಸಂದು ಬಿಡದಂತೆ ಹೇಳಿದರು. "ಅವಳು ಕೂರೋದನ್ನ ಮೊದ್ಲು ನೋಡು. ನೋಡಿ ಅಳತೆ ತಗೋ. ಶಿವರಾತ್ರಿ ಒಳಗೆ ಕೊಡು."

ಒಲೆಯ ಮೇಲಿನ ಅಟ್ಟದಲ್ಲಿ ವರ್ಷಗಟ್ಟಲೆ ಹೊಗೆ ಕುಡಿದು ಬಲಿತ ಒಂದು ಹಲಸಿನ ಹಲಗೆಯಿತ್ತು. ಯಾರಿಗೂ ಮುಟ್ಟಲು ಬಿಡದಿದ್ದ ಆ ಹಲಗೆಯನ್ನು ತಾವೇ ಇಳಿಸಿ ಅವನ ಕೈಗೆ ಕೊಟ್ಟರು.

ಉಮಾಪತಿ ನೋಡಿದ. ದಿನವೂ ಅಡುಗೆಮನೆಯ ಹೊಸಿಲಲ್ಲಿ ಕೂತು ನೋಡಿದ. ವಾರಗಟ್ಟಲೆ ನೋಡಿದ. ಇಷ್ಟು ಶ್ರದ್ಧೆಯಿಂದ ಯಾರೂ ಯಾರನ್ನೂ ನೋಡಿರಲಾರರು ಎಂದು ಉಳಿದ ಶಿಷ್ಯರು ಅಂದುಕೊಂಡರು.

ಸಂಕ್ರಾಂತಿ ಕಳೆಯಿತು. ಹಲಗೆಗೆ ಒಂದು ಗೆರೆಯೂ ಬಿದ್ದಿರಲಿಲ್ಲ.

"ಬೇಗ ಮುಗಿಸೋ," ಎಂದರು ಆಚಾರರು.

ಉಮಾಪತಿ ಕೈಮುಗಿದು ಹೊಂಗೆ ಮರದ ಕೆಳಗೆ ಹೋದ. ಮರುದಿನವೂ ಅಲ್ಲೇ ಇದ್ದ.

"ಅವನಿಗೇನಾಯ್ತು?" ಎಂದು ಆಚಾರರು ಉಳಿದವರನ್ನು ಕೇಳಿದರು.

"ಅವಸರ ಮಾಡ್ಬೇಡ ಅಂದೋರೂ ನೀವೇ, ಬೇಗ ಅಂದೋರೂ ನೀವೇ. ಅವಸರವಲ್ಲದ ಬೇಗ ಯಾವುದು ಅಂತ ಹುಡುಕ್ತಾ ಇದಾನಂತೆ."

ಆಚಾರರು ಕೈಯಲ್ಲಿದ್ದ ಕೊಡತಿಯನ್ನು ಮೆಲ್ಲಗೆ ಕೆಳಗಿಟ್ಟರು. ಕೈಯಲ್ಲಿ ಇದ್ದರೆ ಏನಾಗುತ್ತಿತ್ತೋ ಎಂಬ ಭಯ. ಆಮೇಲೆ ಹೊಂಗೆ ಮರದ ಬಳಿಗೆ ಹೋಗಿ, ಆಚೆ ದಡದವರಿಗೂ ಕೇಳುವಂತೆ ಕೂಗಾಡಿದರು. ಕತ್ತೆ ಎಂದರು, ಮಂಕು ಎಂದರು, ಹೆಂಗಸೊಬ್ಬಳು ಮನೆ ಬಿಡುವುದರಲ್ಲಿದ್ದಾಳೆ, ನೀನಿಲ್ಲಿ ಕಣ್ಣು ಮುಚ್ಚಿ ಕೂತಿದ್ದೀಯಲ್ಲೋ ಎಂದರು.

ಉಮಾಪತಿಯ ಕಣ್ಣಲ್ಲಿ ನೀರು ಬಂತು.

"ಗುರುಗಳ ಬೈಗುಳವೂ ಪ್ರಸಾದ," ಎಂದ.

ಅಂದು ಆಚಾರರು ಉಣ್ಣಲಿಲ್ಲ.

ಆದರೂ ಬೈದದ್ದು ಎಲ್ಲೋ ನಾಟಿರಬೇಕು. ಮರುದಿನ ಹಲಗೆಯ ಮೇಲೆ ಗೆರೆ ಬಿತ್ತು. ಉಳಿಯ ಸದ್ದು ಕೇಳಿತು. ಶಿವರಾತ್ರಿಗೆ ಇನ್ನು ಸ್ವಲ್ಪವೇ ದಿನ ಇರುವಾಗ ಉಮಾಪತಿ ಕಾಲುಮಣೆಯನ್ನು ಬಿಳಿ ಪಂಚೆಯಲ್ಲಿ ಸುತ್ತಿ ತಂದು ಗುರುಗಳ ಮುಂದಿಟ್ಟ.

ಆಚಾರರು ಪಂಚೆ ಸರಿಸಿದರು. ಮಣೆಯನ್ನು ಎತ್ತಿದರು, ತಿರುಗಿಸಿದರು, ಬೋರಲು ಹಾಕಿದರು. ಕಾಲು ಹಲಗೆಗೆ ಸೇರುವ ಕಡೆ ಉಗುರು ಓಡಿಸಿದರು. ಉಗುರು ಎಲ್ಲೂ ನಿಲ್ಲಲಿಲ್ಲ. ಒಂದು ಮೊಳೆಯಿಲ್ಲ. ಹಲಸಿನ ಹಳದಿ, ಎಣ್ಣೆ ಕುಡಿದು, ಜೇನಿನ ಬಣ್ಣಕ್ಕೆ ಬಂದಿತ್ತು.

ತಪ್ಪು ಹುಡುಕಿದರು. ಸಿಗಲಿಲ್ಲ. ಅದಕ್ಕೂ ಸಿಟ್ಟು ಬಂತು. ಒಳಗೊಳಗೆ ಖುಷಿಯೂ ಆಯಿತು. ಆ ಖುಷಿಯಲ್ಲಿ ಕೇಳಬೇಕಾದ ಒಂದು ಮಾತನ್ನು ಕೇಳದೇ ಬಿಟ್ಟರು.

"ಹೋಗು, ಕೊಡು," ಎಂದರು.

ಉಮಾಪತಿ ಹೋಗಿ ಕೊಟ್ಟ. ಮರುದಿನ ಅಡುಗೆಮನೆಯಿಂದ ಓಡಿಕೊಂಡು ಬಂದ. ಅವನು ಓಡಿದ್ದನ್ನು ಅಲ್ಲಿ ಯಾರೂ ಅದುವರೆಗೆ ಕಂಡಿರಲಿಲ್ಲ.

"ಗುರುಗಳೇ! ಅವ್ವ ಅದಕ್ಕೆ ಕೈಮುಗಿದಳು! ಕಣ್ಣಿಗೊತ್ತಿಕೊಂಡು, ಅರಿಶಿನ ಕುಂಕುಮ ಹಚ್ಚಿ, ದೇವರ ಗೂಡಿನ ಮುಂದೆ ಇಟ್ಟು ದೀಪ ಹಚ್ಚಿದಳು!"

"ಅದರ ಮೇಲೆ ದೀಪ ಇಟ್ಟಳಾ?"

"ಹೌದು!"

"ಹಿಟ್ಟು ತೊಳಸೋಕೆ ಎಲ್ಲಿ ಕೂತಳು?"

ಉಮಾಪತಿ ಯೋಚಿಸಿದ. "ಅದನ್ನ ನೋಡಲಿಲ್ಲ."

ಆಚಾರರು ಎದ್ದರು. ಅಡುಗೆಮನೆಗೆ ಹೋದರು. ಚಿಕ್ಕತಾಯಮ್ಮ ಸವೆದ ಹಳೆಯ ಮಣೆಯ ಮೇಲೆ ನೆಲದಲ್ಲಿ ಕೂತು, ನರಳುತ್ತಾ ಕೋಲು ತಿರುಗಿಸುತ್ತಿದ್ದಳು. ಮೂಲೆಯಲ್ಲಿ ಹೊಸ ಕಾಲುಮಣೆಯ ಮೇಲೆ ದೀಪ ಉರಿಯುತ್ತಿತ್ತು. ಬಾಗಿಲ ಹಿಂದೆ ಅವಳ ಬಟ್ಟೆಯ ಗಂಟು ಕಟ್ಟಿಟ್ಟಿತ್ತು.

"ಅದರ ಮೇಲೆ ಯಾಕವ್ವ ಕೂರಲಿಲ್ಲ?"

ಅವಳು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು.

"ನೆನ್ನೆ ಕುಂತೆ ಆಚಾರ್ರೇ. ಸುಮ್ನೆ ಕುಂತ್ರೆ ಸಿಂಹಾಸನ. ಕೋಲಾಕಿ ಮುಂದಕ್ಕೆ ಬಗ್ಗಿದ್ರೆ ಮಗುಚ್ಕತದೆ. ಒಂದ್ಸಲ ಪಾತ್ರೆ ಮೇಲೇ ಬೀಳ್ತಿದ್ದೆ. ಹುಡ್ಗ ನೊಂದ್ಕತದೆ, ಹೇಳ್ಬ್ಯಾಡಿ."

"ನೀನು ಕೂರೋದನ್ನ ಅವನು ನೋಡಲಿಲ್ವಾ? ದಿನಾ ಬಂದು ಕೂತಿರ್ತಿದ್ದ!"

"ನೋಡ್ದ. ಪಾಪ, ದಿನಾ ನೋಡ್ದ."

"ಮತ್ತೆ?"

"ಅವನು ಬಂದ ತಕ್ಷಣ ಕೈ ತೊಳ್ಕೊಂಡು, ಸೆರಗು ಹೊದ್ಕೊಂಡು, ಕಾಲು ಮಡಿಸ್ಕೊಂಡು ನೆಟ್ಟಗೆ ಕುಂತ್ಕೊತಿದ್ದೆ. ಗಂಡು ಹುಡ್ಗ ಅಳತೆಗೆ ಅಂತ ಬಂದು ಕುಂತಾಗ, ಹಿಟ್ಟಿನ ಕೈಲಿ ಕಾಲು ಚಾಚ್ಕೊಂಡು ಕುಂತಿರಕ್ಕಾಯ್ತದಾ?"

ಆಚಾರರು ಮೂಲೆಯ ಕಾಲುಮಣೆಯ ಕಡೆ ತಿರುಗಿದರು. ವಾರಗಟ್ಟಲೆ ಅವನು ನೋಡಿದ್ದಾನೆ, ಇವಳು ತೋರಿಸಿಕೊಂಡಿದ್ದಾಳೆ. ಫೋಟೋ ತೆಗೆಸಿಕೊಳ್ಳುವವಳ ಅಳತೆಗೆ ಮಣೆಯಾಗಿದೆ. ಕೆಲಸ ಮಾಡುವವಳಿಗೆ ಮಣೆಯಿಲ್ಲ. ಅವನು ಹೋದ ಮೇಲೆ ಎಷ್ಟು ದಿನ ಇವಳು ತಡವಾಗಿ ಅವಸರದಿಂದ ಹಿಟ್ಟು ತೊಳಸಿದಳೋ! ಅವಳು ಕೆಲಸ ಮಾಡುವಾಗ ನೋಡಿದೆಯಾ ಎಂದು ಅವನನ್ನು ಕೇಳಬೇಕಾಗಿತ್ತು. ಮಣೆಯ ಅಂದ ನೋಡುತ್ತಾ ತಾವೂ ಕೇಳಲಿಲ್ಲ. ಅವರಿಗೆ ಅವನ ಮೇಲೆ ಸಿಟ್ಟು ಬಂತು, ಇವಳ ಮೇಲೆ ಬಂತು, ತಮ್ಮ ಮೇಲೆ ಎಲ್ಲಕ್ಕಿಂತ ಹೆಚ್ಚು ಬಂತು.

ದೀಪವನ್ನು ಎತ್ತಿ ಗೂಡಿನೊಳಗೆ ಇಟ್ಟರು. ಕಾಲುಮಣೆಯನ್ನು ಅಡುಗೆಮನೆಯ ಬಾಗಿಲಲ್ಲಿ ಹಾಕಿದರು.

"ಏಳವ್ವ. ಬಾ. ಇದರ ಮೇಲೆ ಕೂತ್ಕೋ."

"ಹಿಟ್ಟು?"

"ಉಮಾಪತೀ!"

ಉಮಾಪತಿ ಬಂದು ನಿಂತ.

"ಇವತ್ತಿಂದ ಹಿಟ್ಟು ನೀನು ತೊಳಸು."

ಉಮಾಪತಿಯ ಮುಖದಲ್ಲಿ ಬೆಳಕು ಬರತೊಡಗಿತು.

"ಗುರುಗಳು ಹಿಟ್ಟು ಎಂದದ್ದು..."

"ರಾಗಿ ಹಿಟ್ಟು!" ಎಂದು ಆಚಾರರು ಅಬ್ಬರಿಸಿದರು. "ಪಾತ್ರೆಯಲ್ಲಿರೋದು! ಕೋಲು ತಗೊಂಡು ತಿರುಗಿಸೋದು! ಎಲ್ಲರೂ ಉಣ್ಣೋದು! ಅದರೊಳಗೆ ಬೇರೆ ಏನೂ ಇಲ್ಲ!"

ಚಿಕ್ಕತಾಯಮ್ಮನ ಕಡೆ ತಿರುಗಿದರು. "ನೀನು ಇಲ್ಲಿ ಕೂತು ಬಯ್ಯಿ. ಬಯ್ಯೋಕೆ ಈ ಮಣೆ ಹೇಳಿ ಮಾಡಿಸಿದ ಹಾಗಿದೆ."

ಆ ದಿನಗಳನ್ನು ಕೊಟ್ಟಿಗೆಯವರು ಬಹಳ ಕಾಲ ಮರೆಯಲಿಲ್ಲ. ಹಿಟ್ಟು ಒಂದು ದಿನ ಅಂಬಲಿ, ಒಂದು ದಿನ ಕಲ್ಲು. ಉಮಾಪತಿ ಹಳೆಯ ಮಣೆಯ ಮೇಲೆ ಕಾಲು ಮಡಿಸಿ ಕೂತು, ಕೋಲನ್ನು ಎರಡು ಬೆರಳಲ್ಲಿ ಹಿಡಿದು ನಿಧಾನವಾಗಿ ತಿರುಗಿಸಿದ. ಹಿಟ್ಟು ಅವನ ನಿಧಾನವನ್ನು ಕಾಯಲಿಲ್ಲ, ಗಂಟು ಕಟ್ಟಿತು.

"ಬಲ ಬುಡು ಮಗ! ಮಗೂಗೆ ಎಣ್ಣೆ ಹಚ್ತಿದೀಯಾ?" ಎಂದು ಚಿಕ್ಕತಾಯಮ್ಮ ಬಾಗಿಲಿಂದ ಕೂಗಿದಳು.

ಬಲ ಬಿಟ್ಟ. ಪಾತ್ರೆ ಓಡಿತು.

"ಕವೆಗೋಲು ಒತ್ತು! ಕಾಲಲ್ಲಿ ಒತ್ತು!"

ಕಾಲು ಮಡಿಸಿ ಕೂತವನಿಗೆ ಒತ್ತಲು ಕಾಲೇ ಸಿಗಲಿಲ್ಲ.

ಆಚಾರರು ತಟ್ಟೆಯಿಂದ ಗಂಟುಗಳನ್ನು ಹೆಕ್ಕಿ ಅಂಚಿನಲ್ಲಿ ಸಾಲಾಗಿ ಇಟ್ಟರು. ಉಮಾಪತಿ ಎದುರು ನಿಂತು ಆ ಸಾಲನ್ನು ತದೇಕವಾಗಿ ನೋಡಿದ.

"ಇದಕ್ಕೆ ಒಳಾರ್ಥ..."

"ಒಳಗೆ ಹಸಿ ಹಿಟ್ಟಿದೆ," ಎಂದರು ಆಚಾರರು.

ಶಿವರಾತ್ರಿಯೂ ಬಂತು. ತಂಗಿಯ ಮಗನೂ ಬಂದ. ಆದರೆ ಚಿಕ್ಕತಾಯಮ್ಮ ಅವನನ್ನು ವಾಪಸು ಕಳಿಸಿದಳು.

"ಈ ಹುಡ್ಗನ್ ಕೈಗೆ ಒಲೆ ಕೊಟ್ಟು ಹೆಂಗ್ ಬರ್ಲಿ? ಎಲ್ರೂ ಹೊಟ್ಟೆಗಿಲ್ದೆ ಸಾಯ್ತಾರೆ. ಯುಗಾದಿಗೆ ಬಾ. ಅಷ್ಟೊತ್ಗೆ ಕಲೀತಾನೆ. ಬತ್ತೀನಿ."

ಅವಳ ಬಟ್ಟೆಯ ಗಂಟು ಬಾಗಿಲ ಹಿಂದೆಯೇ ಇತ್ತು. ಆಚಾರರು ಹೋಗುವಾಗ ಬರುವಾಗ ಅದನ್ನು ನೋಡುತ್ತಿದ್ದರು. ಏನನ್ನೂ ಹೇಳುತ್ತಿರಲಿಲ್ಲ. ಹೇಳಿದರೆ ಅದಕ್ಕೊಂದು ಅರ್ಥ ಹುಟ್ಟಿಕೊಳ್ಳುತ್ತದೆ ಎಂದು ಅವರಿಗೆ ಗೊತ್ತಿತ್ತು.

ಉಮಾಪತಿಯ ಸೊಂಟ ಹಿಡಿಯಿತು. ಅಂಗೈಯಲ್ಲಿ ಬೊಬ್ಬೆ ಎದ್ದಿತು. ಮಂಡಿ ನೋಯತೊಡಗಿತು. ಒಂದು ದಿನ ಹಳೆಯ ಮಣೆಯನ್ನು ದೂಡಿ, ಬಕೆಟ್ಟೊಂದನ್ನು ಬೋರಲು ಹಾಕಿ ಅದರ ಮೇಲೆ ಕೂತ. ಎಡಗಾಲು ತಾನಾಗಿ ಮುಂದೆ ಹೋಗಿ ಕವೆಗೋಲನ್ನು ಒತ್ತಿತು. ಮೈ ಬಗ್ಗಿತು. ಕೋಲು ತಿರುಗಿತು. ಅಂದು ಹಿಟ್ಟಿನಲ್ಲಿ ಗಂಟು ಕಡಿಮೆಯಿತ್ತು. ಆದರೆ ಏಳುವಾಗ ಬಕೆಟ್ಟು ಜಾರಿ ಅವನು ನೆಲದ ಮೇಲಿದ್ದ.

ಆಚಾರರು ಹೊರಗೆ ತೊಟ್ಟಿಲಿನ ಪಟ್ಟಿಯೊಂದನ್ನು ಕೀಸುತ್ತಿದ್ದರು. ಒಳಗಿಂದ ಉಮಾಪತಿಯ ದನಿ ಕೇಳಿತು.

"ಅವ್ವಾ, ನೀನು ಏಳುವಾಗ ಕೈ ಎಲ್ಲಿ ಊರ್ತೀಯ?"

ಆಚಾರರ ಕೈ ನಿಂತಿತು.

ಬಂದ ದಿನದಿಂದ ಅವನು ಕೇಳಿದ ಪ್ರಶ್ನೆಗಳಿಗೆ ಲೆಕ್ಕವಿರಲಿಲ್ಲ. ಉತ್ತರ ಕೊಡಬಹುದಾದ ಪ್ರಶ್ನೆ ಇದೇ ಮೊದಲನೆಯದು.

"ಬಲಗಡೆ ಊರ್ತೀನಿ ಕಣಾ. ಎಡ ಮಂಡಿ ತಡೆಯಲ್ಲ. ತಡಿ, ತೋರಿಸ್ತೀನಿ."

ಬಕೆಟ್ಟು ನೆಲಕ್ಕೆ ಉಜ್ಜಿದ ಸದ್ದು. ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡವನ ಮುಂದೆ ಅವಳಿಗೆ ಇನ್ಯಾವ ಸಂಕೋಚ? ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕಾಲು ಚಾಚಿ, ಕೋಲು ಹಿಡಿದು, ಬಗ್ಗಿ ತೋರಿಸಿದಳು. ಎದ್ದು ತೋರಿಸಿದಳು. ಮತ್ತೆ ಕೂತು ತೋರಿಸಿದಳು.

"ಇನ್ನೊಂದ್ಸಲ ಅವ್ವಾ. ಕಾಲು ಎಷ್ಟು ದೂರ ಹೋಗ್ತದೆ?"

ಆಚಾರರು ಪಟ್ಟಿ ಕೀಸುವುದನ್ನು ಮುಂದುವರಿಸಿದರು. ಅವರಿಗೆ ಅಂದು ಸಂಜೆಯವರೆಗೆ ಸಿಟ್ಟು ಬರಲಿಲ್ಲ. ಏನೋ ಮರೆತುಹೋದಂತೆ ಅನಿಸುತ್ತಿತ್ತು.

ಹಲಸಿನ ಹಲಗೆಯಲ್ಲಿ ಉಳಿದ ತುಂಡು ಚಿಕ್ಕದಿತ್ತು, ಒಂದು ಕಡೆ ಗಂಟಿತ್ತು. ಉಮಾಪತಿ ಅದನ್ನೇ ಎತ್ತಿಕೊಂಡ. ಅದರ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಲಿಲ್ಲ. ಮೊದಲು ಹಳೆಯ ಪೆಟ್ಟಿಗೆಯ ಹಲಗೆಗಳಲ್ಲಿ ಒಂದು ಒರಟು ಮಣೆ ಮಾಡಿ ಅಡುಗೆಮನೆಗೆ ಒಯ್ದ. ಅದರ ಮೇಲೆ ಕೂತು ಹಿಟ್ಟು ತೊಳಸಿದ. ವಾಪಸು ತಂದು ಒಂದು ಕಾಲು ಕೊಯ್ದ. ಮತ್ತೆ ಒಯ್ದ. ಅವಳನ್ನು ಕೂರಿಸಿದ. ಮತ್ತೆ ತಂದ.

ಹೀಗೆಯೇ ದಿನಗಳು ಹೋದವು. ಮೊದಲ ಮಣೆಗಿಂತ ಇದು ಇನ್ನೂ ನಿಧಾನವಾಗಿ ಸಾಗಿತು. ಆದರೆ ಆಚಾರರು ಒಮ್ಮೆಯೂ ಬೇಗ ಎನ್ನಲಿಲ್ಲ.

ಪೇಟೆಯಿಂದ ಬಂದ ಕೆಲವರು ಅವನನ್ನು ಹುಡುಕಿಕೊಂಡು ಅಡುಗೆಮನೆಯ ಬಾಗಿಲಿಗೇ ಬಂದರು. "ಹೋದ ಸಲ ನೀವು ಎಷ್ಟು ಚೆನ್ನಾಗಿ ಹೇಳಿದಿರಿ! ಒಂದು ಮಣೆಗೆ ಒಂದು ಋತು..."

"ಆಮೇಲೆ ಬನ್ನಿ," ಎಂದ ಉಮಾಪತಿ. "ಎಸರು ಉಕ್ತಾ ಇದೆ."

ಹೊರಗೆ ಆಚಾರರು ಕೆಮ್ಮಿದರು. ನಗು ಬಂದಾಗ ಅವರು ಹಾಗೆ ಕೆಮ್ಮುವುದುಂಟು.

ಯುಗಾದಿಯ ಹಿಂದಿನ ದಿನ ಮಣೆ ಮುಗಿಯಿತು.

ಅದು ನೋಡಲು ಚೆನ್ನಾಗಿರಲಿಲ್ಲ. ಮುಂದಿನ ಕಾಲುಗಳು ಹೊರಕ್ಕೆ ಚಾಚಿಕೊಂಡಿದ್ದವು. ಎಡಗಾಲು ಚಾಚಲು ಎಡೆಯಾಗಲಿ ಎಂದು ಹಲಗೆಯ ಎಡ ಮೂಲೆ ಕೊಯ್ದಿತ್ತು. ಅಂಗೈ ಊರಿ ಏಳಲೆಂದು ಬಲಗಡೆ ಅಗಲ ಹೆಚ್ಚಿತ್ತು. ಮರದ ಗಂಟು ಸರಿಯಾಗಿ ಅಲ್ಲೇ, ಕೈ ಜಾರದಂತೆ, ಉಬ್ಬಿಕೊಂಡಿತ್ತು. ಆದರೆ ಕಾಲು ಹಲಗೆಗೆ ಸೇರುವ ಕಡೆ ಉಗುರು ಈ ಸಲವೂ ನಿಲ್ಲಲಿಲ್ಲ.

ಉಮಾಪತಿ ಅದನ್ನು ಪಂಚೆಯಲ್ಲಿ ಸುತ್ತಲಿಲ್ಲ. ಒಲೆಯ ಪಕ್ಕ ಇಟ್ಟು, "ಅವ್ವಾ, ಇವತ್ತು ನೀನು," ಎಂದು ಕೋಲು ಕೊಟ್ಟ.

ತಂಗಿಯ ಮಗ ಬೆಳಿಗ್ಗೆಯೇ ಬಂದು ಜಗಲಿಯಲ್ಲಿ ಕೂತಿದ್ದ. ಆಟೋ ಹೊರಗೆ ನಿಂತಿತ್ತು. ಶಿಷ್ಯರೆಲ್ಲ ಉಳಿ ಬಿಟ್ಟು ಬಾಗಿಲಲ್ಲಿ ನಿಂತಿದ್ದರು. ಆಚಾರರು ನಿಲ್ಲಲಿಲ್ಲ. ಆದರೆ ಅವರು ಕೀಸುತ್ತಿದ್ದ ಪಟ್ಟಿಯಿಂದ ಒಂದು ಸಿಪ್ಪೆಯೂ ಏಳುತ್ತಿರಲಿಲ್ಲ.

ಚಿಕ್ಕತಾಯಮ್ಮ ಕೂತಳು. ಕಾಲು ಚಾಚಿದಳು. ಬಗ್ಗಿ ಬಲ ಬಿಟ್ಟಳು. ಕೋಲು ತಿರುಗತೊಡಗಿತು.

"ಸೌದೆ ಯಾರು ತಂದಿದ್ದು?" ಎಂದಳು. "ಬರೀ ಹಸಿ. ಕಣ್ಣೆಲ್ಲಾ ಹೊಗೆ. ಬಾಗ್ಲಲ್ಲಿ ಏನ್ ನೋಡ್ತಾ ನಿಂತಿದೀರಿ, ನಾಟ್ಕ ಆಡ್ತಾವ್ರಾ ಇಲ್ಲಿ? ತಟ್ಟೆ ತೊಳೀರಿ!"

ಬಲ ಅಂಗೈ ಊರಿ ತಾನಾಗಿ ಎದ್ದಳು. ಬಿಸಿ ಹಿಟ್ಟನ್ನು ಮುದ್ದೆ ಕಟ್ಟಿದಳು. ಮತ್ತೆ ಕೂತು ಸಾರಿನ ಪಾತ್ರೆ ಎಳೆದುಕೊಂಡಳು. ಮತ್ತೆ ಎದ್ದಳು. ತಂಗಿಯ ಮಗನಿಗೆ ಎರಡು ಮುದ್ದೆ ಬಡಿಸಿದಳು.

"ಉಂಡ್ಕೊಂಡು ಹೊರಡು ಮಗ. ಹಬ್ಬದ ಕೆಲ್ಸ ಬಿದ್ದದೆ ನಂಗೆ. ನಿಮ್ಮವ್ವಂಗೆ ಕೇಳ್ದೆ ಅಂತ ಹೇಳು."

ಬಟ್ಟೆಯ ಗಂಟು ಬಾಗಿಲ ಹಿಂದೆ ಇರಲಿಲ್ಲ. ಹಿತ್ತಲ ಬೇಲಿಯ ಮೇಲೆ ಅವಳ ಸೀರೆಗಳು ಒಣಗುತ್ತಿದ್ದವು.

ಎಲ್ಲರೂ ಉಣ್ಣಲು ಕೂತರು. ಉಮಾಪತಿ ಮಾತ್ರ ತಟ್ಟೆಯ ಮುಂದೆ ಸಪ್ಪಗೆ ಕೂತಿದ್ದ.

"ಏನಾಯ್ತೋ?" ಎಂದರು ಆಚಾರರು.

"ಅವ್ವ ಮಣೆ ಬಗ್ಗೆ ಒಂದು ಮಾತೂ ಆಡಲಿಲ್ಲ, ಗುರುಗಳೇ. ಚೆನ್ನಾಗಿದೆ ಅಂತಾನೂ ಇಲ್ಲ, ಚೆನ್ನಾಗಿಲ್ಲ ಅಂತಾನೂ ಇಲ್ಲ. ಅದರ ಕಡೆ ತಿರುಗಿ ಕೂಡ ನೋಡಲಿಲ್ಲ."

"ಮೊದಲನೇದಕ್ಕೆ ಕೈಮುಗಿದಳು," ಎಂದರು ಆಚಾರರು. "ಇದರ ಮೇಲೆ ಕೂತಳು."

ಉಮಾಪತಿಯ ಕೈ ತುತ್ತಿನ ಸಮೇತ ಗಾಳಿಯಲ್ಲೇ ನಿಂತಿತು. ಕಣ್ಣು ಅರ್ಧ ಮುಚ್ಚಿತು. ಮುಖದಲ್ಲಿ ಆ ಹಳೆಯ ಬೆಳಕು ಮೆಲ್ಲಗೆ ಮೂಡತೊಡಗಿತು.

ಆಚಾರರು ತಮ್ಮ ತಟ್ಟೆ ಬಿಟ್ಟು ಮುಂದೆ ಬಗ್ಗಿ, ಅವನ ಮೊಣಕೈಯನ್ನು ತಟ್ಟಿದರು.

"ಯೋಚನೆ ಆಮೇಲೆ ಮಾಡೋ. ಬಿಸಿ ಇದೆ, ಉಣ್ಣು."